ತೂಕ ನೋಡಬೇಡಿ, ನಿಮಿಷ ನೋಡಿ: ಸೋಲ್ ಜಾಝ್, ಫಂಕ್, ಆಫ್ರೋಬೀಟ್ ಎಲ್‌ಪಿಗಳ ಮರುಮುದ್ರಣಗಳು ಹೇಗಿವೆ?

ಹಳೆಯ ಎಲ್‌ಪಿಯ, ಅಂದರೆ ವಿನೈಲ್ ತಟ್ಟೆಯ, ಮರುಮುದ್ರಣ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಕವರಿನ ಮೇಲಿನ ಸ್ಟಿಕ್ಕರ್ ಕಡೆಗೆ. ಅದರಲ್ಲಿ ‘180 ಗ್ರಾಂ’ ಎಂದಿದ್ದರೆ ಅರ್ಧ ಮನಸ್ಸು ಅಲ್ಲೇ ಸೋಲುತ್ತದೆ. ತಟ್ಟೆ ದಪ್ಪವಾದರೆ ದನಿಯೂ ದಪ್ಪವಾಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದೆ. ಆದರೆ ಮುಳ್ಳು ಓಡುವುದು ತಟ್ಟೆಯ ಮೇಲ್ಮೈಯಲ್ಲಿ ಕೊರೆದ ಕೂದಲೆಳೆಯಂಥ ಗೆರೆಯಲ್ಲಿ. ಒಂದೇ ಅಚ್ಚಿನಿಂದ ಒತ್ತಿದರೆ 120 ಗ್ರಾಂ ತಟ್ಟೆಯಲ್ಲೂ 180 ಗ್ರಾಂ ತಟ್ಟೆಯಲ್ಲೂ ಆ ಗೆರೆ ಒಂದೇ. ದಪ್ಪ ತಟ್ಟೆ ಹಿಡಿಯಲು ಹಿತ, ಅಷ್ಟೆ. ಸೋಲ್ ಜಾಝ್ (ಬ್ಲೂಸ್, ಗಾಸ್ಪೆಲ್ ಬೆರೆತ ಜಾಝ್), ಫಂಕ್ (ಬೇಸ್, ಡ್ರಮ್ಸ್ ಮುಂದಿರುವ ಕುಣಿತದ ಸಂಗೀತ), ಆಫ್ರೋಬೀಟ್ (ಜಾಝ್, ಫಂಕ್‌ಗೆ ಪಶ್ಚಿಮ ಆಫ್ರಿಕಾದ ತಾಳ ಕೂಡಿದ್ದು) ಕೇಳುವವರು ನೋಡಬೇಕಾದ ಲೆಕ್ಕ ಬೇರೆಯದು: ಒಂದು ಪಕ್ಕದಲ್ಲಿ ಎಷ್ಟು ನಿಮಿಷದ ಸಂಗೀತ ತುಂಬಿದ್ದಾರೆ, ಯಾವ ಟೇಪಿನಿಂದ ಕೊರೆದಿದ್ದಾರೆ, ಕೊರೆದವರು ಯಾರು. ಟೇಪಿನ ಸಂಗೀತವನ್ನು ಗೆರೆಯಾಗಿ ಕೆತ್ತುವುದೇ ಕೊರೆಯುವುದು; ಅದರಿಂದ ಅಚ್ಚು ಮಾಡಿ ತಟ್ಟೆಗಳನ್ನು ಒತ್ತುತ್ತಾರೆ.

ಉಳಿದ ಸಂಗೀತಕ್ಕಿಂತ ಇಲ್ಲಿ ಈ ಲೆಕ್ಕ ಹೆಚ್ಚು ಮುಖ್ಯ. ಇಲ್ಲಿ ರಾಗ ಮೇಲೆ ತೇಲುತ್ತಿರುತ್ತದೆ, ಕಥೆ ಹೇಳುವವರು ಬೇಸ್ ಮತ್ತು ಡ್ರಮ್ಸ್. ಬೇಸ್ ಸ್ವರ ಎಲ್ಲಿ ಹುಟ್ಟಿತು ಎಂಬುದರಷ್ಟೇ ಎಲ್ಲಿ ನಿಂತಿತು ಎಂಬುದೂ ಕೇಳಬೇಕು. ಅದು ಮುದ್ದೆಯಾದರೆ ಫಂಕ್ ಇಲ್ಲ. ಫಂಕ್‌ಗೆ ರೂಪ ಕೊಟ್ಟ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಮೇಳದ ಮೂಲಮಂತ್ರವೇ ಸಮದ ಪೆಟ್ಟಿಗೆ ಪೂರ್ತಿ ತೂಕ ಕೊಟ್ಟು, ಉಳಿದ ಪೆಟ್ಟುಗಳನ್ನು ಅದರ ಸುತ್ತ ಚದುರಿಸುವುದು. ಸಮ ತೂಕ ಕಳೆದುಕೊಂಡರೆ ಚದುರಿದ್ದು ಚದುರಿದ್ದಾಗಿಯೇ ಉಳಿಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮಂದ್ರದ ಸ್ವರ ಗೆರೆಯನ್ನು ಅಗಲವಾಗಿ ಓಲಾಡಿಸುತ್ತದೆ, ಅದಕ್ಕೆ ಜಾಗ ಬೇಕು. ಹೀಗಾಗಿಯೇ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ಕೇಳುವಾಗ ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರೀಆಂಪ್ ಅದನ್ನು ತಿರುಗಿಸಿ ಸರಿಮಾಡುತ್ತದೆ. ಇದಕ್ಕೆ ರಿಯಾ ಕರ್ವ್ ಎಂದು ಹೆಸರು. 1000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ ಇಳಿಕೆ ಸುಮಾರು 19 ಡೆಸಿಬಲ್. ಇಷ್ಟಾದರೂ ಜಾಗದ ತಾಪತ್ರಯ ತಪ್ಪುವುದಿಲ್ಲ. 12 ಇಂಚಿನ ತಟ್ಟೆಯಲ್ಲಿ ಸಂಗೀತಕ್ಕೆ ಸಿಗುವುದು ಕೇಂದ್ರದಿಂದ ಸುಮಾರು 146 ಮಿಲಿಮೀಟರ್ ದೂರದಿಂದ 60 ಮಿಲಿಮೀಟರ್‌ವರೆಗಿನ ಪಟ್ಟಿ, ಅಂದರೆ 86 ಮಿಲಿಮೀಟರ್. ನಿಮಿಷಕ್ಕೆ 33⅓ ಸುತ್ತಿನಂತೆ 22 ನಿಮಿಷಕ್ಕೆ 733 ಸುತ್ತು. ಒಂದೊಂದು ಸುತ್ತಿಗೆ ಸಿಗುವ ಅಗಲ 0.12 ಮಿಲಿಮೀಟರ್‌ಗೂ ಕಡಿಮೆ. ಅದೇ 12 ನಿಮಿಷ 26 ಸೆಕೆಂಡಿನ ಪಕ್ಕಕ್ಕೆ 414 ಸುತ್ತು ಸಾಕು, ಪ್ರತಿ ಸುತ್ತಿಗೆ 0.2 ಮಿಲಿಮೀಟರ್ ಸಿಗುತ್ತದೆ. ಜಾಗ ಹೆಚ್ಚಾದಂತೆ ಕೊರೆಯುವವರು ಬೇಸ್ ಅನ್ನು ಮೊಟಕು ಮಾಡದೆ, ಒಟ್ಟು ಮಟ್ಟವನ್ನು ಇಳಿಸದೆ ಕೊರೆಯಬಹುದು.

ಇನ್ನೊಂದು ಸಂಗತಿ ವೇಗದ್ದು. ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಲೇಬಲ್ ಹತ್ತಿರ ಬರುವ ಹೊತ್ತಿಗೆ 21 ಸೆಂಟಿಮೀಟರ್. ಹಾಡಿನ ಅದೇ ಒಂದು ಸೆಕೆಂಡು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಅಡಕವಾಗಬೇಕು. ಹೀಗಾಗಿ ಪಕ್ಕದ ಕೊನೆಯಲ್ಲಿ ಬರುವ ಕಹಳೆ, ಸ್ಯಾಕ್ಸೊಫೋನ್, ಹೈಹ್ಯಾಟ್ ಗೊರಗೊರ ಎನ್ನುತ್ತವೆ. ಈ ಸಂಗೀತದಲ್ಲಿ ಹಾಡು ಏರುತ್ತ ಏರುತ್ತ ಹೋಗಿ ಕೊನೆಯಲ್ಲಿ ಉಕ್ಕುವುದೇ ಹೆಚ್ಚು. ಉಕ್ಕುವ ಜಾಗವೇ ತಟ್ಟೆಯ ಅತಿ ದುರ್ಬಲ ಜಾಗ ಆಗಿರುತ್ತದೆ.

ಇಷ್ಟು ತಲೆಯಲ್ಲಿಟ್ಟುಕೊಂಡು ತಟ್ಟೆಗಳನ್ನು ನೋಡೋಣ.

ಜಿಮ್ಮಿ ಸ್ಮಿತ್, ‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’

ಸೋಲ್ ಜಾಝ್ ಎಂದರೇನು ಎಂದು ಕೇಳಿದವರ ಕೈಗೆ ಮೊದಲು ಕೊಡಬೇಕಾದ ತಟ್ಟೆ ಇದು. ಧ್ವನಿಮುದ್ರಣ 1960ರ ಏಪ್ರಿಲ್ 25ರಂದು, ನ್ಯೂಜೆರ್ಸಿಯ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ನಡೆಯಿತು. ಅಮೆರಿಕದ ಜಾಝ್ ಸಂಸ್ಥೆ ಬ್ಲೂ ನೋಟ್ ಇದನ್ನು ಹೊರತಂದದ್ದು 1963ರಲ್ಲಿ. ಹ್ಯಾಮಂಡ್ ಆರ್ಗನ್‌ನಲ್ಲಿ ಸ್ಮಿತ್, ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಸ್ಟ್ಯಾನ್ಲಿ ಟರೆಂಟೈನ್, ಗಿಟಾರ್‌ನಲ್ಲಿ ಕೆನ್ನಿ ಬರೆಲ್, ಡ್ರಮ್ಸ್‌ನಲ್ಲಿ ಡೊನಾಲ್ಡ್ ಬೇಲಿ.

ಪಟ್ಟಿಯಲ್ಲಿ ಬೇಸ್ ನುಡಿಸುವವರು ಇಲ್ಲ ಎಂಬುದನ್ನು ಗಮನಿಸಿ. ಸ್ಮಿತ್ ಎಡಗೈಯಿಂದ ಕೆಳಗಿನ ಮನೆಗಳ ಸಾಲಿನಲ್ಲಿ ಬೇಸ್ ನಡೆಸುತ್ತಾರೆ, ಕಾಲಿನ ಪೆಡಲ್‌ಗಳನ್ನು ಅಲ್ಲಲ್ಲಿ ಲಘುವಾಗಿ ತಟ್ಟಿ ಆ ಸ್ವರಗಳಿಗೆ ಮೊನೆ ಕೊಡುತ್ತಾರೆ. ಹ್ಯಾಮಂಡ್ ಬಿ-3ಯೊಳಗೆ ತಿರುಗುವುದು 91 ಲೋಹದ ಹಲ್ಲುಚಕ್ರಗಳು. ಮನೆ ಒತ್ತಿದ ಕ್ಷಣ ಸಂಪರ್ಕ ತಂತಿಗಳು ತಾಗಿ ಒಂದು ಸಣ್ಣ ‘ಕ್ಲಿಕ್’ ಹುಟ್ಟುತ್ತದೆ. ತಯಾರಕರ ಲೆಕ್ಕದಲ್ಲಿ ಅದು ದೋಷವಾಗಿತ್ತು, ಜಾಝ್ ವಾದಕರು ಅದನ್ನೇ ತಾಳವಾದ್ಯ ಮಾಡಿಕೊಂಡರು. ಒಳ್ಳೆಯ ಮುದ್ರಣದಲ್ಲಿ ಈ ಕ್ಲಿಕ್ ಪ್ರತಿ ಸ್ವರದ ಮುಂದೆ ಚುಕ್ಕಿ ಇಟ್ಟ ಹಾಗೆ ಕೇಳುತ್ತದೆ. ಕೆಟ್ಟ ಮುದ್ರಣದಲ್ಲಿ ಆರ್ಗನ್ ಉಣ್ಣೆಯಲ್ಲಿ ಸುತ್ತಿಟ್ಟಂತಿರುತ್ತದೆ, ಎಡಗೈಯ ಬೇಸ್ ಒಂದೇ ಗುಂಯ್‌ಗುಡುವಿಕೆಯಾಗಿ ಉಳಿಯುತ್ತದೆ.

ಬ್ಲೂ ನೋಟ್‌ನ ‘ಕ್ಲಾಸಿಕ್ ವಿನೈಲ್’ ಸರಣಿಯ ಮುದ್ರಣ ಕಣ್ಣುಮುಚ್ಚಿ ಕೊಳ್ಳಬಹುದಾದದ್ದು. ಕೆವಿನ್ ಗ್ರೇ ಮೂಲ ಅನಲಾಗ್ ಟೇಪಿನಿಂದ ಕೊರೆದದ್ದು, ಜರ್ಮನಿಯ ಆಪ್ಟಿಮಲ್ ಕಾರ್ಖಾನೆಯಲ್ಲಿ ಒತ್ತಿದ್ದು. ಪಕ್ಕಗಳು ಸುಮಾರು 18 ಮತ್ತು 20 ನಿಮಿಷ, ಮೇಲೆ ಲೆಕ್ಕ ಹಾಕಿದ 22 ನಿಮಿಷಕ್ಕಿಂತ ಈಚೆಗೇ ಇವೆ. ಎರಡನೆಯ ಪಕ್ಕದ ಕೊನೆಯಲ್ಲಿರುವ 12 ನಿಮಿಷದ ‘ಮೆಸ್ಸಿ ಬೆಸ್ಸಿ’ಯೇ ಇದರ ಪರೀಕ್ಷೆ. ಟರೆಂಟೈನ್ ಊದುವ ಉದ್ದದ ಸ್ವರಗಳ ಅಂಚು ಒಡೆಯದೆ ಬಂದರೆ ನಿಮ್ಮ ಮುಳ್ಳೂ ಸರಿ, ತಟ್ಟೆಯೂ ಸರಿ.

ಇದೇ ಸಂಸ್ಥೆಯ ‘ಟೋನ್ ಪೊಯೆಟ್’ ಸರಣಿ ಹೆಚ್ಚು ಬೆಲೆಯದ್ದು. ಕ್ಯಾಲಿಫೋರ್ನಿಯಾದ ಆರ್‌ಟಿಐ ಕಾರ್ಖಾನೆಯ ಮುದ್ರಣ, ದಪ್ಪ ರಟ್ಟಿನ ಮಡಚುವ ಕವರ್, ಒಳಗೆ ಬ್ಲೂ ನೋಟ್‌ನ ಛಾಯಾಗ್ರಾಹಕ ಫ್ರಾನ್ಸಿಸ್ ವುಲ್ಫ್ ತೆಗೆದ ದೊಡ್ಡ ಫೋಟೋಗಳು. ಅಲ್ಲೂ ಕೊರೆಯುವ ಕೈ ಕೆವಿನ್ ಗ್ರೇ ಅವರದೇ. ಕವರಿನ ಚೆಂದಕ್ಕೆ ಹಣ ಕೊಡುವುದು ತಪ್ಪಲ್ಲ, ಆದರೆ ದನಿಗಾಗಿ ಮಾತ್ರ ಎಂದಾದರೆ ಕ್ಲಾಸಿಕ್ ಸರಣಿ ಸಾಕು. ಉಳಿದ ಹಣಕ್ಕೆ ಕಹಳೆ ವಾದಕ ಲೀ ಮಾರ್ಗನ್‌ರ ‘ದ ಸೈಡ್‌ವೈಂಡರ್’ ತನ್ನಿ. 1963ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಿತವಾದ ಅದರ ಹತ್ತು ನಿಮಿಷದ ಶೀರ್ಷಿಕೆ ಹಾಡಿನಲ್ಲಿ ಡ್ರಮ್ಸ್ ನುಡಿಸಿದ ಬಿಲ್ಲಿ ಹಿಗ್ಗಿನ್ಸ್ ಜಾಝ್‌ನ ಕಾಲಿಗೆ ಕುಣಿತದ ಗೆಜ್ಜೆ ಕಟ್ಟಿದ್ದಾರೆ.

ಹರ್ಬಿ ಹ್ಯಾನ್‌ಕಾಕ್, ‘ಹೆಡ್ ಹಂಟರ್ಸ್’

1973ರ ಈ ತಟ್ಟೆಯಲ್ಲಿ ಸೋಲ್ ಜಾಝ್, ಫಂಕ್, ಆಫ್ರಿಕಾ ಮೂರೂ ಒಂದೇ ಹಾಡಿನಲ್ಲಿ ಕೂಡುತ್ತವೆ. ಪಿಯಾನೋ ವಾದಕ ಹ್ಯಾನ್‌ಕಾಕ್ 1962ರಲ್ಲಿ ಬ್ಲೂ ನೋಟ್‌ಗೆ ಮಾಡಿದ್ದ ‘ವಾಟರ್‌ಮೆಲನ್ ಮ್ಯಾನ್’ ಅಪ್ಪಟ ಸೋಲ್ ಜಾಝ್. 1973ರ ರೂಪದಲ್ಲಿ ಅದರ ನಡೆ ನಿಧಾನವಾಗಿ, ಮಣ್ಣಿಗೆ ಹತ್ತಿರವಾಗಿ, ಪೂರ್ತಿ ಫಂಕ್ ಆಗಿದೆ. ಆರಂಭದಲ್ಲಿ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿಯ ಬಾಯಿಗೆ ಊದುತ್ತ, ನಡುನಡುವೆ ದನಿ ಸೇರಿಸುತ್ತ ಒಂದು ಸುತ್ತು ಹೆಣೆಯುತ್ತಾರೆ. ಮಧ್ಯ ಆಫ್ರಿಕಾದ ಕಾಡುಗಳ ಬಾ-ಬೆನ್ಜೆಲೆ ಜನರ ‘ಹಿಂದೆವು’ ಎಂಬ ಪದ್ಧತಿಯ ಅನುಕರಣೆ ಅದು. ಅಲ್ಲಿ ಊದುವುದು ಒಂದೇ ಸ್ವರದ ಪೀಪಿ, ಉಳಿದ ಸ್ವರಗಳು ಗಂಟಲಿನಿಂದ. ಜನಾಂಗ ಸಂಗೀತದ ಕ್ಷೇತ್ರ ಧ್ವನಿಮುದ್ರಣವೊಂದರಿಂದ ಇದು ಅಮೆರಿಕದ ಫಂಕ್ ಮೇಳಕ್ಕೆ ಬಂತು. ಆ ಜನರಿಗೆ ಇದರಿಂದ ಸಿಗಬೇಕಾದ ಶ್ರೇಯ ಸಿಗಲಿಲ್ಲ ಎಂಬ ಮಾತು ಇಂದಿಗೂ ನಿಂತಿಲ್ಲ, ನಿಲ್ಲಲೂ ಬಾರದು.

ಸಂಗೀತಕ್ಕೆ ಪೂರ್ಣ ಅಂಕ. ಆದರೆ ಸಾಮಾನ್ಯ 33⅓ ಎಲ್‌ಪಿಯಾಗಿ ಇದು ಕಷ್ಟದ ತಟ್ಟೆ. ಮೊದಲ ಪಕ್ಕದಲ್ಲಿ 15 ನಿಮಿಷ 41 ಸೆಕೆಂಡಿನ ‘ಕಮೀಲಿಯನ್’, ಅದರ ಬೆನ್ನಿಗೇ ‘ವಾಟರ್‌ಮೆಲನ್ ಮ್ಯಾನ್’. ಒಟ್ಟು 22 ನಿಮಿಷ. ‘ಕಮೀಲಿಯನ್’ನ ಬೇಸ್ ಹ್ಯಾನ್‌ಕಾಕ್ ಆರ್ಪ್ ಒಡಿಸ್ಸಿ ಸಿಂಥಸೈಜರ್‌ನಲ್ಲಿ ನುಡಿಸಿದ್ದು. ತಂತಿಯ ಬೇಸ್‌ನಂತೆ ಅದು ತಾನಾಗಿ ಕ್ಷೀಣಿಸುವುದಿಲ್ಲ, ತುಂಬಿದ ಮಂದ್ರವಾಗಿಯೇ ನಿಂತಿರುತ್ತದೆ, ಗೆರೆಯಲ್ಲಿ ಅಷ್ಟೂ ಜಾಗ ಕೇಳುತ್ತದೆ. ಬೇಸ್ ಗಿಟಾರ್ ಹಿಡಿದ ಪಾಲ್ ಜಾಕ್ಸನ್ ಮೇಲಿನ ಸ್ವರಗಳಲ್ಲಿ ಗಿಟಾರ್‌ನ ಕೆಲಸ ಮಾಡುತ್ತಿರುತ್ತಾರೆ. ಪಕ್ಕದ ಕೊನೆಗೆ, ಗೆರೆ ಅತಿ ನಿಧಾನ ಓಡುವ ಜಾಗದಲ್ಲಿ, ಉಸಿರಿನ ಸದ್ದೇ ಜೀವಾಳವಾದ ಬಾಟಲಿಯ ಊದು ಮರಳಿ ಬರುತ್ತದೆ. ಸಾಮಾನ್ಯ ದುಂಡು ಮುಳ್ಳಿಗೆ ಅದು ದಕ್ಕುವುದಿಲ್ಲ, ಬರೀ ‘ಶ್’ ಎಂದಷ್ಟೇ ಕೇಳುತ್ತದೆ. ಗೆರೆಯ ಸಣ್ಣ ತಿರುವುಗಳನ್ನೂ ಹಿಡಿಯುವ ಮೈಕ್ರೋಲೈನ್ ಅಥವಾ ಶಿಬಾಟಾ ಆಕಾರದ ಮುಳ್ಳು ಇಲ್ಲದವರು ಈ ಆಲ್ಬಮ್ಮನ್ನು ಸಿಡಿಯಲ್ಲಿ ಕೊಳ್ಳಲಿ. ಎಲ್‌ಪಿ ಪ್ರೇಮಿಗಳಿಗೆ ಇದು ರುಚಿಸದ ಸಲಹೆ, ಆದರೆ ಹ್ಯಾನ್‌ಕಾಕ್‌ರ ಬೇಸ್ ಪೂರ್ತಿ ಕೇಳುವುದು ತಟ್ಟೆ ತಿರುಗುವುದನ್ನು ನೋಡುವುದಕ್ಕಿಂತ ದೊಡ್ಡದು.

ದ ಮೀಟರ್ಸ್

ಇವರ ಬಗ್ಗೆ ಎರಡೇ ಮಾತು. ನ್ಯೂ ಆರ್ಲಿಯನ್ಸ್‌ನ ಈ ನಾಲ್ವರು, ಆರ್ಟ್ ನೆವಿಲ್, ಲಿಯೋ ನೊಸೆಂಟೆಲಿ, ಜಾರ್ಜ್ ಪೋರ್ಟರ್, ಜಿಗಬೂ ಮಾಡಲೀಸ್ಟ್, 1969ರ ಮೊದಲ ಆಲ್ಬಮ್‌ನಲ್ಲಿ ಮೂರು ಮೂರು ನಿಮಿಷದ ತುಣುಕುಗಳಲ್ಲಿ ಫಂಕ್‌ನ ವ್ಯಾಕರಣವನ್ನೇ ಬರೆದಿಟ್ಟಿದ್ದಾರೆ. ‘ಸಿಸ್ಸಿ ಸ್ಟ್ರಟ್’ನಲ್ಲಿ ಗಿಟಾರ್ ಮತ್ತು ಬೇಸ್ ಒಂದೇ ಸಾಲನ್ನು ಜೊತೆಯಾಗಿ ನುಡಿಸುತ್ತವೆ, ಡ್ರಮ್ಸ್ ಅವುಗಳ ಖಾಲಿ ಜಾಗದಲ್ಲಿ ಮಾತಾಡುತ್ತದೆ. ಈ ಮೌನವನ್ನು ಕೆಡಿಸುವುದು ಮೇಲ್ಮೈಯ ಚಟಪಟ. ಹಾಗಾಗಿ ಬಣ್ಣಬಣ್ಣದ ಸುಳಿ ಸುಳಿಯ ತಟ್ಟೆ, ಚಿತ್ರ ಮುದ್ರಿಸಿದ ತಟ್ಟೆ ಬೇಡ. ಅದರಲ್ಲೂ ಚಿತ್ರದ ತಟ್ಟೆಯಲ್ಲಿ ಗೆರೆ ಕೂರುವುದು ತೆಳುವಾದ ಪಾರದರ್ಶಕ ಹಾಳೆಯ ಮೇಲೆ, ಸದ್ದು ಖಂಡಿತ. ಕಪ್ಪು ತಟ್ಟೆಯನ್ನೇ ಆರಿಸಿ.

ಫೆಲಾ ಕುಟಿ, ‘ಎಕ್ಸ್‌ಪೆನ್ಸಿವ್ ಶಿಟ್’ ಮತ್ತು ‘ಝೋಂಬಿ’

ಎಲ್‌ಪಿ ಎಂಬ ವಸ್ತು ಯಾರ ಸಂಗೀತಕ್ಕೆ ಹೇಳಿ ಮಾಡಿಸಿದಂತಿದೆ ಎಂದರೆ ಆಫ್ರೋಬೀಟ್ ಕಟ್ಟಿದ ನೈಜೀರಿಯಾದ ಫೆಲಾ ಅವರದ್ದಕ್ಕೆ. ಪಕ್ಕಕ್ಕೊಂದೇ ಹಾಡು. ‘ಝೋಂಬಿ’ 12 ನಿಮಿಷ 26 ಸೆಕೆಂಡು, ಆಚೆ ಪಕ್ಕದ ‘ಮಿಸ್ಟರ್ ಫಾಲೋ ಫಾಲೋ’ 13 ನಿಮಿಷಕ್ಕೆ ತುಸು ಕಡಿಮೆ. ‘ಎಕ್ಸ್‌ಪೆನ್ಸಿವ್ ಶಿಟ್’ನ ಪಕ್ಕಗಳೂ ಸುಮಾರು 13 ಮತ್ತು 11 ನಿಮಿಷ. ಮೇಲಿನ 0.2 ಮಿಲಿಮೀಟರ್ ಲೆಕ್ಕ ನೆನಪಿದೆಯಲ್ಲ, ಇಲ್ಲಿ ಅದು ಫಲ ಕೊಡುತ್ತದೆ. ಕೊರೆಯುವವರು ಬಲ್ಲವರಾದರೆ ಬೇಸ್‌ಗೆ ಧಾರಾಳ ಜಾಗ ಕೊಟ್ಟೂ ಲೇಬಲ್‌ನಿಂದ ಸಾಕಷ್ಟು ದೂರದಲ್ಲೇ ಹಾಡು ಮುಗಿಸಬಹುದು. ಆಗ ಕೊನೆಯ ಕಹಳೆಗಳ ಅಬ್ಬರಕ್ಕೆ ಒಳಗೆರೆಯ ಗೊರಗು ತಾಗುವುದೇ ಇಲ್ಲ. ತಟ್ಟೆ ಕೈಗೆ ಬಂದಾಗ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಕೊನೆಯ ಗೆರೆಗೂ ಲೇಬಲ್‌ಗೂ ನಡುವೆ ಎರಡು ಬೆರಳಗಲ ನುಣುಪು ಜಾಗ ಉಳಿದಿದ್ದರೆ ಒಳ್ಳೆಯ ಶಕುನ.

ಈ ಸಂಗೀತ ಎಲ್ಲಿಂದ ಬಂತು ಎಂಬುದು ಕಿವಿಗೇ ತಿಳಿಯುತ್ತದೆ. ಪಶ್ಚಿಮ ಆಫ್ರಿಕಾದ ಕುಣಿತದ ಸಂಗೀತವಾದ ಹೈಲೈಫ್ ಮತ್ತು ನೈಜೀರಿಯಾದ ಯೊರುಬಾ ತಾಳಗಳು ತಳಪಾಯ, ಜಾಝ್ ಕಹಳೆಗಳು ಗೋಡೆ. ಫೆಲಾ 1969ರಲ್ಲಿ ತಮ್ಮ ಮೇಳದೊಂದಿಗೆ ಅಮೆರಿಕಕ್ಕೆ ಹೋಗಿ ಲಾಸ್ ಏಂಜಲೀಸ್‌ನಲ್ಲಿ ತಂಗಿದ್ದರು. ಅಲ್ಲಿ ಕಪ್ಪು ಜನರ ಹೋರಾಟದ ವಿಚಾರಗಳನ್ನು ಹತ್ತಿರದಿಂದ ಕಂಡ ಮೇಲೆ ಹಾಡಿನ ಮಾತೂ ಬದಲಾಯಿತು. ಮರುವರ್ಷ ಜೇಮ್ಸ್ ಬ್ರೌನ್ ಮೇಳ ನೈಜೀರಿಯಾಕ್ಕೆ ಬಂದಾಗ ಅದರ ವಾದಕರು ಫೆಲಾ ಅವರ ಕ್ಲಬ್ಬಿಗೆ ಹೋಗಿ ಕೇಳಿದರು. ಡ್ರಮ್ಸ್ ನುಡಿಸುತ್ತಿದ್ದ ಟೋನಿ ಅಲೆನ್ ಅಮೆರಿಕದ ಜಾಝ್ ಡ್ರಮ್ಮರ್‌ಗಳಾದ ಆರ್ಟ್ ಬ್ಲೇಕಿ, ಮ್ಯಾಕ್ಸ್ ರೋಚ್ ಅವರನ್ನು ಕೇಳಿ ಕಲಿತವರು. ಹೀಗಾಗಿ ಬ್ಲೂ ನೋಟ್ ಮತ್ತು ಫೆಲಾ ಅವರ ಊರಾದ ಲಾಗೋಸ್ ನಡುವಿನ ದಾರಿ ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು.

ಕೇಳುವ ಕ್ರಮ ಒಂದಿದೆ. ಮೊದಲ ಸಲ ಶೆಕೆರೆ ಹಿಡಿಯಿರಿ, ಮಣಿ ಕಟ್ಟಿದ ಬುರುಡೆಯ ಸದ್ದು. ಆಮೇಲೆ ಕೋಲುಗಳ ಪೆಟ್ಟು. ಅದರ ಮೇಲೆ ‘ಟೆನರ್ ಗಿಟಾರ್’ ಎಂದು ಫೆಲಾ ಕರೆಯುತ್ತಿದ್ದ ಗಿಟಾರ್: ತಂತಿಯನ್ನು ಅಂಗೈಯಿಂದ ಅದುಮಿ, ಕೆಳಗಿನ ಸ್ವರಗಳಲ್ಲಿ ಒಂದೇ ಸಾಲನ್ನು ಹಾಡು ಮುಗಿಯುವವರೆಗೂ ನುಡಿಸುತ್ತದೆ. ಎರಡನೆಯ ಗಿಟಾರ್ ಅದರ ಸಂದುಗಳಲ್ಲಿ ಕೊಯ್ಯುತ್ತದೆ. ಬೇಸ್ ಇವೆರಡನ್ನೂ ತಪ್ಪಿಸಿಕೊಂಡು ತನ್ನ ದಾರಿ ಹಿಡಿಯುತ್ತದೆ. ಕಟ್ಟಕಡೆಗೆ ಅಲೆನ್ ಅವರ ನಾಲ್ಕು ಕೈಕಾಲು. ನಾಲ್ಕೂ ಬೇರೆ ಬೇರೆ ಮಾತಾಡುತ್ತಿದ್ದರೂ ಎಲ್ಲೂ ಗದ್ದಲವಿಲ್ಲ. ದೊಡ್ಡ ಡ್ರಮ್ಮಿನ ಪೆಟ್ಟು ನಿರೀಕ್ಷಿಸಿದ ಜಾಗದಲ್ಲಿ ಬೀಳದೆ ತುಸು ಮುಂಚೆ, ತುಸು ಆಮೇಲೆ ಬಂದು ಇಡೀ ಮೇಳವನ್ನು ಎತ್ತಿ ಎತ್ತಿ ಇಡುತ್ತದೆ. ಹಾಡಿನ ಮಾತು ಶುರುವಾಗುವುದು ಹಲವು ನಿಮಿಷ ಕಳೆದ ಮೇಲೆ, ‘ಝೋಂಬಿ’ಯಲ್ಲಂತೂ ಸುಮಾರು ಐದು ನಿಮಿಷಕ್ಕೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಇಲ್ಲದೆ ಮುಂದೆ ಸರಿಸಿದರೆ ಅರ್ಧ ಹಾಡು ಕಳೆದುಕೊಂಡಂತೆ. ಎಲ್‌ಪಿಯಲ್ಲಿ ಸರಿಸುವುದು ಕಷ್ಟ ಎಂಬುದೂ ಇಲ್ಲಿ ಅದರ ಒಂದು ಗುಣವೇ.

ಮೊದಲು ಯಾವುದು ಕೊಳ್ಳಬೇಕು? ‘ಎಕ್ಸ್‌ಪೆನ್ಸಿವ್ ಶಿಟ್’, 1975. ಗಾಂಜಾ ಸಾಕ್ಷ್ಯ ನುಂಗಿದರೆಂದು ಫೆಲಾ ಅವರನ್ನು ಕೂಡಿಹಾಕಿ ಪೊಲೀಸರು ಅವರ ಮಲಕ್ಕಾಗಿ ಕಾದು ಕುಳಿತ ಪ್ರಸಂಗವೇ ಹೆಸರಿನ ಮೂಲ. ಆದರೆ ಕೊಳ್ಳಬೇಕಾದ್ದು ಎರಡನೆಯ ಪಕ್ಕದ ‘ವಾಟರ್ ನೋ ಗೆಟ್ ಎನಿಮಿ’ಗಾಗಿ. ನೀರಿಗೆ ಶತ್ರುಗಳಿಲ್ಲ ಎಂಬ ಯೊರುಬಾ ಗಾದೆಯ ಸುತ್ತ ಕಟ್ಟಿದ, ಅವಸರವೇ ಇಲ್ಲದ ನಡೆಯ ಹಾಡು. ಕಹಳೆಗಳ ಸಾಲು ಒಮ್ಮೆ ಕೇಳಿದರೆ ವಾರಗಟ್ಟಲೆ ಬಾಯಲ್ಲಿ ನಿಲ್ಲುತ್ತದೆ. ‘ಝೋಂಬಿ’ ಇದಕ್ಕೆ ವಿರುದ್ಧ, ಓಡುವ ಕಾಲಪ್ರಮಾಣ, ಸೈನಿಕರ ಕುರುಡು ವಿಧೇಯತೆಯ ಮೇಲೆ ನೇರ ಏಟು. 1977ರ ಫೆಬ್ರವರಿ 18ರಂದು ಸೈನಿಕರು ಫೆಲಾ ಅವರ ಕಲಕುಟಾ ಮನೆಗೆ ನುಗ್ಗಿ ಬೆಂಕಿಯಿಟ್ಟರು. ಕಿಟಕಿಯಿಂದ ಎಸೆಯಲ್ಪಟ್ಟ ಅವರ ತಾಯಿ, ಹೋರಾಟಗಾರ್ತಿ ಫುನ್ಮಿಲಾಯೊ ರಾನ್ಸಮ್-ಕುಟಿ, ಮರುವರ್ಷ ತೀರಿಕೊಂಡರು. ಇದನ್ನು ತಿಳಿದು ಕೇಳಿದರೆ ಆ ಕಹಳೆಗಳ ಬಿಸಿ ಬೇರೆಯೇ.

ನಿಟಿಂಗ್ ಫ್ಯಾಕ್ಟರಿ ರೆಕಾರ್ಡ್ಸ್ ಹೊರತಂದ ಬಿಡಿ ಎಲ್‌ಪಿಗಳಿವೆ, ಬ್ರಯನ್ ಈನೋ, ಎರಿಕಾ ಬಾಡು ಮುಂತಾದ ಸಂಗೀತಗಾರರು ಆರಿಸಿಕೊಟ್ಟ, ಹಲವು ಎಲ್‌ಪಿಗಳಿರುವ ಪೆಟ್ಟಿಗೆಗಳೂ ಇವೆ. ಪೆಟ್ಟಿಗೆ ಎಷ್ಟೇ ಚೆಂದವಿರಲಿ, ಮೊದಲ ಖರೀದಿಗೆ ಬಿಡಿ ತಟ್ಟೆಯೇ ಸರಿ. ಏಳೆಂಟು ಆಲ್ಬಮ್ ಒಮ್ಮೆಲೇ ಬಂದರೆ ಒಂದನ್ನೂ ನೆಟ್ಟಗೆ ಕೇಳಲಾಗುವುದಿಲ್ಲ. ದನಿಯ ಬಗ್ಗೆ ಒಂದು ಎಚ್ಚರ: ಲಾಗೋಸ್‌ನ ಸ್ಟುಡಿಯೋ ದನಿ ವ್ಯಾನ್ ಗೆಲ್ಡರ್ ಸ್ಟುಡಿಯೋದಂತೆ ಹೊಳೆಯುವುದಿಲ್ಲ. ಬೇಸ್ ದುಂಡಗೆ, ಕಹಳೆ ತುಸು ಒರಟು, ಹಿಂದೆ ಟೇಪಿನ ಸಣ್ಣ ಹಿಸ್. ಅದನ್ನು ದೋಷವೆಂದು ತಿಳಿದು ಟ್ರೆಬಲ್ ಏರಿಸಬೇಡಿ. ಶೆಕೆರೆ ಕಿವಿ ಚುಚ್ಚತೊಡಗುತ್ತದೆ, ಹತ್ತೇ ನಿಮಿಷಕ್ಕೆ ದಣಿವಾಗುತ್ತದೆ.

ಮುಲಾಟು ಅಸ್ತಾತ್ಕೆ, ‘ಮುಲಾಟು ಆಫ್ ಇಥಿಯೋಪಿಯಾ’

1972ರಲ್ಲಿ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಿತ. ಸ್ಟ್ರಟ್ ಸಂಸ್ಥೆ 2017ರಲ್ಲಿ ಮರುಮುದ್ರಿಸಿತು. ಇಥಿಯೋಪಿಯಾದ ಐದು ಸ್ವರಗಳ ‘ಕಿನ್ಯಿತ್’ಗಳನ್ನು (ಅಲ್ಲಿನ ಸ್ವರಶ್ರೇಣಿಗಳು) ಜಾಝ್ ಹಿನ್ನೆಲೆಯ ಮೇಲೆ ಕೂರಿಸಿದ ಸಂಗೀತ ಇದು. ನಮ್ಮ ಕಿವಿಗೆ ಇದು ಬೇಗ ಹತ್ತುತ್ತದೆ. ಅಲ್ಲಿನ ಮೇಜರ್ ತಿಜಿತಾದ ಸ್ವರಗಳು ನಮ್ಮ ಮೋಹನದವು, ಮೈನರ್ ಬಾತಿಯ ಸ್ವರಗಳು ಶುದ್ಧ ಧನ್ಯಾಸಿಯವು. ಗಮಕ, ನಡೆ ಬೇರೆ, ಆದ್ದರಿಂದ ರಾಗವೇ ಒಂದು ಎನ್ನುವಂತಿಲ್ಲ. ಆದರೂ ವಾವಾ ಗಿಟಾರ್ ಮತ್ತು ಕೊಂಗಾಗಳ ನಡುವಿನಿಂದ ಪರಿಚಿತ ಸ್ವರಗಳು ಎದ್ದುಬಂದಾಗ ಆಗುವ ಪುಳಕ ಹೇಳತೀರದು.

ಮುಲಾಟು ನುಡಿಸುವುದು ವೈಬ್ರಫೋನ್. ಲೋಹದ ಪಟ್ಟಿಯ ಸ್ವರ ದೀರ್ಘವಾಗಿ ನಿಲ್ಲುವುದರಿಂದ ನಡುತೂತು ಓರೆಯಾದ ತಟ್ಟೆಯನ್ನು ಅದು ಥಟ್ಟನೆ ಹಿಡಿದುಕೊಡುತ್ತದೆ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಉದ್ದದ ಸ್ವರದ ಶ್ರುತಿ ಪ್ರತಿ 1.8 ಸೆಕೆಂಡಿಗೊಮ್ಮೆ ಏರಿಳಿದರೆ ತಪ್ಪು ಟರ್ನ್‌ಟೇಬಲ್‌ನದ್ದಲ್ಲ, ತಟ್ಟೆಯದ್ದು. ಮುಳ್ಳು ಹೊತ್ತ ಟೋನ್‌ಆರ್ಮ್ ಎಡಬಲಕ್ಕೆ ತೂಗಾಡುವುದು ಕಣ್ಣಿಗೂ ಕಾಣುತ್ತದೆ. ಅಂಥದ್ದನ್ನು ಹಿಂತಿರುಗಿಸಿ, ಮನೆಯಲ್ಲಿ ಸರಿಮಾಡುವ ದಾರಿ ಹುಡುಕಬೇಡಿ. ವೈಬ್ರಫೋನ್‌ಗೆ ತನ್ನದೇ ಮೋಟಾರಿನ ಕಂಪನವಿದೆ, ಆದರೆ ಅದು ಇದಕ್ಕಿಂತ ವೇಗವಾದದ್ದು, ಗೊಂದಲವಾಗುವುದಿಲ್ಲ.

ಆಲ್ಬಮ್ ಚಿಕ್ಕದು, ಅರ್ಧ ಗಂಟೆಯ ಆಸುಪಾಸು. ಮೋನೋ ಮಿಶ್ರಣ ಮತ್ತು ಸ್ಟುಡಿಯೋದಲ್ಲಿ ಉಳಿದುಹೋದ ತುಣುಕುಗಳಿರುವ ಮೂರು ತಟ್ಟೆಯ ಆವೃತ್ತಿಯೂ ಇದೆ. ಅದು ಸಂಗ್ರಾಹಕರಿಗೆ. ಕೇಳುಗರಿಗೆ ಒಂದು ತಟ್ಟೆಯ ಆವೃತ್ತಿ ಸಾಕು. ಹೆಚ್ಚು ಬೇಕಾದವರು ಬುದಾ ಮ್ಯೂಸಿಕ್ ಸಂಸ್ಥೆಗಾಗಿ ಫ್ರಾನ್ಸಿಸ್ ಫಾಲ್ಸೆಟೊ ಸಂಪಾದಿಸಿದ ‘ಇಥಿಯೋಪಿಕ್ಸ್’ ಸರಣಿಯ ನಾಲ್ಕನೆಯ ಸಂಪುಟವನ್ನು ಸಿಡಿಯಲ್ಲಿ ತೆಗೆದುಕೊಳ್ಳಲಿ. ಅದು ಪೂರ್ತಿ ಮುಲಾಟು ಅವರಿಗೇ ಮೀಸಲು.

ಪಾಲಿ-ರಿದ್ಮೊ ದ ಕೊಟೊನು: ಸಂಕಲನಗಳ ಮಾತು

ಬೆನಿನ್ ದೇಶದ ಈ ಮೇಳ 1968ರಲ್ಲಿ ಹುಟ್ಟಿತು. ಅಲ್ಲಿನ ಸಾಂಪ್ರದಾಯಿಕ ಧರ್ಮವಾದ ವೊಡೂನ್ ಆಚರಣೆಯ ‘ಸಾಟೊ’ ತಾಳಕ್ಕೆ ಫಂಕ್ ಗಿಟಾರ್, ಆರ್ಗನ್ ಸೇರಿಸಿ ಇವರು ಮಾಡಿದ ಧ್ವನಿಮುದ್ರಣಗಳು ನೂರಾರು. ಜರ್ಮನಿಯ ಅನಲಾಗ್ ಆಫ್ರಿಕಾ ಸಂಸ್ಥೆಯ ‘ದ ವೊಡೂನ್ ಇಫೆಕ್ಟ್’ (2008) 1970ರ ದಶಕದ ಮೊದಲರ್ಧದ ಸಣ್ಣಪುಟ್ಟ ಲೇಬಲ್‌ಗಳ ಮುದ್ರಣಗಳನ್ನು ಕಲೆಹಾಕಿದರೆ, ಮರುವರ್ಷದ ‘ಎಕೋಸ್ ಇಪ್ನೊಟಿಕ್’ ಅಲ್ಬಾರಿಕಾ ಸ್ಟೋರ್ ಲೇಬಲ್‌ನವನ್ನು. ಎರಡರಲ್ಲಿ ಒಂದು ಎಂದಾದರೆ ಎರಡನೆಯದು, ದನಿ ಹೆಚ್ಚು ಬಿಚ್ಚಿಕೊಂಡಿದೆ. ಗುಸ್ತಾವ್ ಬೆಂತೊ ಅವರ ಬೇಸ್‌ಗಾಗಿಯೇ ಕೊಳ್ಳಬಹುದು. ಒಳಗಿನ ಪುಸ್ತಿಕೆಯನ್ನು ಎಸೆಯಬೇಡಿ. ವಾದಕರ ಫೋಟೋ, ಅವರ ಮಾತು, ಹಾಡುಗಳ ಹಿನ್ನೆಲೆ ಒಟ್ಟಿಗೆ ಸಿಗುವುದು ಅದರಲ್ಲೇ.

ಪಶ್ಚಿಮ ಆಫ್ರಿಕಾದ ಇಂಥ ಸಂಗೀತದಲ್ಲಿ ಎಷ್ಟೋ ಮೂಲ ಟೇಪುಗಳು ಉಳಿದೇ ಇಲ್ಲ. ಹಾಗಾಗಿ ಹಳೆಯ ತಟ್ಟೆಯನ್ನೇ ನುಡಿಸಿ, ಶುಚಿಮಾಡಿ, ಮತ್ತೆ ಕೊರೆಯುವುದು ಅನಿವಾರ್ಯ. ಪ್ರಾಮಾಣಿಕ ಪ್ರಕಾಶಕರು ಅದನ್ನು ಕವರಿನಲ್ಲೇ ಹೇಳುತ್ತಾರೆ. ಅಲ್ಲಲ್ಲಿ ಸಣ್ಣ ಚಟಪಟ ಉಳಿಸಿರುವುದು ಒಳ್ಳೆಯದೇ. ಅದನ್ನು ಪೂರ್ತಿ ಅಳಿಸಲು ಹೋದರೆ ಶೆಕೆರೆ, ಸಿಂಬಲ್‌ಗಳ ಮೊನೆಯೂ ಜೊತೆಗೇ ಅಳಿಸಿಹೋಗಿ ನೀರಿನೊಳಗಿಂದ ಕೇಳಿದಂತಾಗುತ್ತದೆ.

ಕಳ್ಳ ಮುದ್ರಣಗಳ ವಿಷಯ ಬೇರೆ. ಫಂಕ್ ಮತ್ತು ಆಫ್ರಿಕನ್ ತಟ್ಟೆಗಳಲ್ಲಿ ಇವು ದಂಡಿಯಾಗಿವೆ, ಹೆಚ್ಚಿನವು ಸಿಡಿಯಿಂದಲೇ ಕೊರೆದವು. ಗುರುತಿಸುವುದು ಹೇಗೆ? ಕವರಿನ ಚಿತ್ರ ಹಳೆಯ ಕವರಿನಿಂದಲೇ ಸ್ಕ್ಯಾನ್ ಮಾಡಿದಂತೆ ಮಸುಕಾಗಿರುತ್ತದೆ, ಸಣ್ಣ ಅಕ್ಷರಗಳ ಅಂಚು ಒಡೆದಿರುತ್ತದೆ. ಮೂಲ ಲೇಬಲ್, ಮೂಲ ಸಂಖ್ಯೆ ಎಲ್ಲ ಇರುತ್ತವೆ, ಇಂದು ಹಕ್ಕು ಯಾರದು ಎಂಬ ಸಾಲು ಮಾತ್ರ ಇರುವುದಿಲ್ಲ. ಲೇಬಲ್ ಸುತ್ತಲಿನ ನುಣುಪು ಜಾಗದಲ್ಲಿ ಕೊರೆದವರ ಗುರುತು ಹುಡುಕಿ. ಹಳೆಯ ಬ್ಲೂ ನೋಟ್‌ಗಳಲ್ಲಿ ವ್ಯಾನ್ ಗೆಲ್ಡರ್ ಮುದ್ರೆಯಿರುತ್ತದೆ, ಕೆವಿನ್ ಗ್ರೇ ಕೊರೆದವುಗಳಲ್ಲಿ ‘ಕೆಪಿಜಿ’ ಎಂಬ ಮೊದಲಕ್ಷರಗಳು. ಅಲ್ಲಿ ಏನೂ ಇಲ್ಲದಿದ್ದರೆ ಅನುಮಾನಪಡಿ.

ಒಳ್ಳೆಯ ತಟ್ಟೆ ಬಂದ ಮೇಲೂ ಕೆಡುವುದು ಮನೆಯ ಜೋಡಣೆಯಲ್ಲಿ. ಮುಳ್ಳಿನ ಭಾರ ತಯಾರಕರು ಹೇಳಿದಷ್ಟೇ ಇರಲಿ: ಮುಳ್ಳು ಕೂರುವ ಕಾರ್ಟ್ರಿಜ್‌ಗಳಲ್ಲಿ ಆಡಿಯೋ-ಟೆಕ್ನಿಕಾ ವಿಎಂ95ಇಗೆ 2 ಗ್ರಾಂ, ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ. ತಟ್ಟೆ ಸವೆಯುತ್ತದೆಂದು ಭಾರ ಇಳಿಸುವವರಿದ್ದಾರೆ. ಆಗುವುದು ತದ್ವಿರುದ್ಧ. ಭಾರ ಸಾಲದ ಮುಳ್ಳು ದೊಡ್ಡ ಬೇಸ್ ಪೆಟ್ಟಿಗೆ ಗೆರೆಯ ಗೋಡೆ ಬಿಟ್ಟು ಹಾರಿ ಮತ್ತೆ ಬಡಿಯುತ್ತದೆ, ಆ ಗಾಯ ಶಾಶ್ವತ. ಇಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ನೋಡಿ, ಟೋನ್‌ಆರ್ಮ್‌ನ ಅಂಕಿಗಳನ್ನು ನೆಚ್ಚಬೇಡಿ.

ಸ್ಪೀಕರ್ ಇಟ್ಟ ಮೇಜಿನ ಮೇಲೆಯೇ ಟರ್ನ್‌ಟೇಬಲ್ ಇಡಬಾರದು. ‘ಕಮೀಲಿಯನ್’ನಂಥ ಬೇಸ್ ಮೇಜಿನ ಮೂಲಕ ಮುಳ್ಳಿಗೆ ಮರಳಿ, ಅಲ್ಲಿಂದ ಮತ್ತೆ ಸ್ಪೀಕರ್‌ಗೆ ಹೋಗಿ ಗುಂಯ್ ಎಂದು ಬೆಳೆಯುತ್ತದೆ. ಪತ್ತೆ ಹಚ್ಚುವುದು ಸುಲಭ: ತಟ್ಟೆ ತಿರುಗಿಸದೆ ಮುಳ್ಳನ್ನು ಅದರ ಮೇಲಿಟ್ಟು, ವಾಲ್ಯೂಮ್ ಮೆಲ್ಲಗೆ ಏರಿಸುತ್ತ ಮೇಜನ್ನು ಬೆರಳಿನಿಂದ ತಟ್ಟಿ. ಸ್ಪೀಕರ್‌ನಲ್ಲಿ ಧಡ್ ಎಂದು ಕೇಳಿ ಕೂಡಲೇ ನಿಂತರೆ ಪರವಾಗಿಲ್ಲ, ಸದ್ದು ಉಳಿದುಕೊಂಡು ಬೆಳೆದರೆ ಟರ್ನ್‌ಟೇಬಲ್‌ಗೆ ಬೇರೆ ಜಾಗ ಹುಡುಕಿ. ಇನ್ನು ಸದ್ದೇ ಇಲ್ಲದೆ ಸ್ಪೀಕರ್‌ನ ದೊಡ್ಡ ಕೋನ್ ಉಸಿರಾಡುವಂತೆ ಒಳಹೊರಗೆ ಹೋಗುತ್ತಿದ್ದರೆ ಅದು ಬಾಗಿದ ತಟ್ಟೆಯ ಕೆಲಸ. ಕಿವಿಗೆ ಕೇಳದ ಆ ಅಲುಗಾಟ ಆಂಪ್ಲಿಫೈಯರ್‌ನ ಶಕ್ತಿಯನ್ನು ತಿಂದು ಬೇಸ್ ಅನ್ನು ಸಡಿಲ ಮಾಡುತ್ತದೆ. ಪ್ರೀಆಂಪ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ ಇದ್ದರೆ ಹಾಕಿಡಿ. ಟೋನಿ ಅಲೆನ್ ಅವರ ದೊಡ್ಡ ಡ್ರಮ್ಮಿನ ಅಂಚು ಆ ಕ್ಷಣದಿಂದಲೇ ಗಟ್ಟಿಯಾಗುತ್ತದೆ.

ಕಡೆಯದಾಗಿ ಫೆಲಾ ಅವರ 1975ರ ‘ಕನ್‌ಫ್ಯೂಶನ್’ ಬಗ್ಗೆ. 25 ನಿಮಿಷ ದಾಟುವ ಒಂದೇ ಹಾಡನ್ನು ಎಲ್‌ಪಿ ನಡುವೆ ಕತ್ತರಿಸಿ ಎರಡು ಪಕ್ಕಕ್ಕೆ ಹಂಚುತ್ತದೆ. ಬೇಸ್‌ಗೆ ಅದು ಲಾಭ, ಹಾಡಿಗೆ ನಷ್ಟ. ಫೆಲಾ ಅವರ ಎಲೆಕ್ಟ್ರಿಕ್ ಪಿಯಾನೋ ಮತ್ತು ಅಲೆನ್ ಅವರ ಡ್ರಮ್ಸ್ ಎರಡೇ ಇರುವ, ತಾಳ ಇನ್ನೂ ಮೂಡದ ಆರಂಭದಿಂದ ಪೂರ್ತಿ ಮೇಳ ತುಂಬಿಕೊಳ್ಳುವವರೆಗಿನ ಏರು ಒಂದೇ ಉಸಿರಿನದ್ದು. ಇದೊಂದನ್ನು ಸಿಡಿ ಅಥವಾ ಫೈಲ್‌ನಲ್ಲಿ, ಕತ್ತರಿಯಿಲ್ಲದೆ ಕೇಳಿ.